ಮೂರು ಬುಟ್ಟಿ, ಆರು ಹೋಲು, ಪಾರ್ಕು ತುಂಬ ಜನ

ನಮ್ಮ ಪಾರ್ಕಿನ ಗೇಟಿನ ಪಕ್ಕ ಒಂದು ಹಸಿರು ಬೋರ್ಡಿದೆ. ಹೂ ಕೀಳಬಾರದು, ನಾಯಿ ತರಬಾರದು, ತಿಂಡಿ ತಿನ್ನಬಾರದು, ಕ್ರಿಕೆಟ್ ಆಡಬಾರದು, ಫುಟ್‌ಬಾಲ್ ಆಡಬಾರದು, ಶಟಲ್ಲೂ ಆಡಬಾರದು. ಮಕ್ಕಳ ಪಾಲಿಗೆ ಉಳಿದಿರೋದು ಒಂದು ಜಾರುಬಂಡೆ, ಎರಡು ಉಯ್ಯಾಲೆ. ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ರಿಟೈರ್ ಆದವಳಿಗೆ ಇಂಥ ಬೋರ್ಡ್ ಕಂಡರೆ ಮೈ ಉರಿಯುತ್ತೆ. ಹಾಗಂತ ಬರೆಸಿದವರನ್ನು ಪೂರ್ತಿ ಬೈಯೋಕೂ ಆಗಲ್ಲ. ಭಾನುವಾರ ಬೆಳಗ್ಗೆ ಆರೂವರೆಗೆ ಬಂದು ನೋಡಿ. ವಾಕಿಂಗ್ ದಾರಿಯಲ್ಲಿ ಭುಜಕ್ಕೆ ಭುಜ ತಾಗೋಷ್ಟು ಜನ, ಎಲ್ಲರೂ ಒಂದೇ ದಿಕ್ಕಿಗೆ, ಒಬ್ಬ ಯಜಮಾನರು ಮಾತ್ರ ಹಠಕ್ಕೆ ಬಿದ್ದು ಎದುರಿನಿಂದ. ಮಂಟಪದಲ್ಲಿ ಯೋಗ, ಅದರ ಪಕ್ಕದಲ್ಲೇ ನಗೆಕೂಟದವರ ಹೋ ಹೋ ಹಾ ಹಾ, ಓಪನ್ ಜಿಮ್ಮಿನ ಎಣ್ಣೆ ಕಾಣದ ಮೆಷಿನ್ನುಗಳ ಕಿರ್ರೋ ಅನ್ನೋ ಸದ್ದು, ಗೇಟಿನ ಹತ್ತಿರ ಬೇವಿನ ಜ್ಯೂಸು ಕುಡಿದು ಮುಖ ಕಿವುಚಿಕೊಂಡು ಒಳಗೆ ಬರೋರು. ಇವರ ನಡುವೆ ಕ್ರಿಕೆಟ್ ಬಾಲ್ ಹಾರಿದರೆ ಏನಾಗುತ್ತೆ ಅಂತ ನನಗೂ ಗೊತ್ತು.

ಇಷ್ಟು ಜನರ ಮಧ್ಯೆಯೂ ಆಡಬಹುದಾದ ಆಟ ಒಂದಿದೆ. ಡಿಸ್ಕ್ ಗಾಲ್ಫ್. ಪ್ರತಿ ಭಾನುವಾರ ನಾವು ಅದನ್ನೇ ಆಡ್ತಾ ಇದ್ದೀವಿ. ಪಾರ್ಕಿನ ಹೆಸರು ಹೇಳಲ್ಲ. ಬನಶಂಕರಿ ಮೆಟ್ರೊ ಸ್ಟೇಷನ್ನಿನಿಂದ ನಡೆದು ಹೋಗೋ ದೂರ ಅಂದುಕೊಳ್ಳಿ. ಹೆಸರು ಹೇಳಿದರೆ ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿಬಿಡ್ತಾರೆ.

ಆಟ ಹೇಳಿಕೊಡೋಕೆ ಐದು ನಿಮಿಷ ಸಾಕು. ಲೆಕ್ಕವೆಲ್ಲ ಗಾಲ್ಫಿನದೇ, ಆದರೆ ಕೋಲೂ ಇಲ್ಲ, ಚೆಂಡೂ ಇಲ್ಲ, ಕ್ಲಬ್ಬಿನ ಮೆಂಬರ್‌ಶಿಪ್ಪೂ ಬೇಡ. ಗುರುತು ಮಾಡಿದ ಜಾಗದಲ್ಲಿ ನಿಂತು ಡಿಸ್ಕನ್ನು, ಅಂದರೆ ಪ್ಲಾಸ್ಟಿಕ್ ತಟ್ಟೆಯನ್ನು, ದೂರದ ಬುಟ್ಟಿಯ ಕಡೆಗೆ ಎಸೀಬೇಕು. ಅದು ಬಿದ್ದಲ್ಲಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ಎಸೀಬೇಕು. ಬುಟ್ಟಿ ಅಂದರೆ ಒಂದು ಕಂಬ, ಅದರ ತಲೆಯಿಂದ ಸುತ್ತಲೂ ಇಳಿಬಿಟ್ಟ ಸರಪಳಿಗಳು, ಕೆಳಗೆ ಕಬ್ಬಿಣದ ತೊಟ್ಟಿಲು. ಡಿಸ್ಕು ಸರಪಳಿಗೆ ಬಡಿದು, ವೇಗ ಕಳಕೊಂಡು, ಆ ತೊಟ್ಟಿಲಿಗೆ ಬಿದ್ದರೆ ಆ ಹೋಲ್, ಅಂದರೆ ಆ ಬುಟ್ಟಿಯ ಆಟ, ಮುಗೀತು. ಎಷ್ಟು ಎಸೆತಕ್ಕೆ ಮುಗಿಸಿದಿರಿ ಅನ್ನೋದೇ ಸ್ಕೋರು. ಕಡಿಮೆ ಇದ್ದವರು ಗೆದ್ದರು. ಬುಟ್ಟಿಯಿಂದ ಹೆಚ್ಚು ದೂರ ಇರೋರು ಮೊದಲು ಎಸೀಬೇಕು. ಡಿಸ್ಕು ಮರದಲ್ಲಿ ಸಿಕ್ಕಿಕೊಂಡರೆ ಅದರ ನೇರ ಕೆಳಗಿನ ನೆಲದಿಂದ ಆಟ ಮುಂದುವರಿಯುತ್ತೆ. ಇಳಿಸೋದು ಮಾತ್ರ ನಿಮ್ಮ ಕರ್ಮ.

ಗಮನಿಸಿ ನೋಡಿ, ಇದರಲ್ಲಿ ಓಟ ಇಲ್ಲ. ನಡೀತಾರೆ, ನಿಲ್ತಾರೆ, ಕಾಯ್ತಾರೆ, ಎಸೀತಾರೆ, ಮತ್ತೆ ನಡೀತಾರೆ. ಕ್ರಿಕೆಟ್ ಆಡೋ ಹುಡುಗರ ಕಣ್ಣು ಚೆಂಡಿನ ಮೇಲಿರುತ್ತೆ, ಎದುರಿಗೆ ಅಜ್ಜಿ ಬಂದರೂ ಕಾಣಲ್ಲ. ಇಲ್ಲಿ ಎಸೆಯೋನು ತಲೆ ಎತ್ತಿ ಇಡೀ ಬಯಲು ನೋಡಿದ ಮೇಲೇ ಕೈ ಎತ್ತಬೇಕು. ಯಾರಿಗಾದರೂ ತಗಲೋ ಸಾಧ್ಯತೆ ಇದ್ದರೆ ಎಸೀಬಾರದು ಅನ್ನೋದು ಆಟದ ನಿಯಮದಲ್ಲೇ ಇದೆ. ಅದಕ್ಕೇ ನಾನು ಇದನ್ನು ಆಟದ ಮೈದಾನದವರ ಪೈಕಿ ಸೇರಿಸಲ್ಲ, ವಾಕಿಂಗಿನವರ ಪೈಕಿ ಸೇರಿಸ್ತೀನಿ. ಹಾಗಂತ ಪಾರ್ಕಿನವರನ್ನ ಒಪ್ಪಿಸಿದ್ದೂ ಆಯ್ತು. ಅಧಿಕೃತವಾಗಿ ಅಲ್ಲ, ಬಾಯಿಮಾತಿಗೆ.

ಇದನ್ನು ನಮ್ಮ ಪಾರ್ಕಿಗೆ ತಂದವಳು ನನ್ನ ತಂಗಿ ಮಗಳು. ತಟ್ಟೆ ಎಸೆದು ಹಿಡಿಯೋ ತಂಡದ ಆಟ ಅಲ್ಟಿಮೇಟ್ ಫ್ರಿಸ್ಬಿ ಆಡ್ತಾಳೆ, ಆ ಬಳಗದ ಯಾರದ್ದೋ ಹತ್ತಿರ ಮೂರು ಮಡಚೋ ಬುಟ್ಟಿಗಳಿದ್ದವು. ಒಂದು ದಿನ ಆಟೋದಲ್ಲಿ ಹೇರಿಕೊಂಡು ಬಂದಳು. ಜೊತೆಗೆ ಒಂದು ಚೀಲ ಡಿಸ್ಕು. ನಾನು ಚೀಲಕ್ಕೆ ಕೈ ಹಾಕಿ ಎಲ್ಲಕ್ಕಿಂತ ತೆಳು ಅಂಚಿನದ್ದು ತೆಗೆದೆ, ಬಲವಾಗಿ ಹಾರೋ ಹಾಗೆ ಕಂಡಿತು. "ದೊಡ್ಡಮ್ಮ, ಅದು ಡ್ರೈವರ್, ಅದನ್ನ ಮುಟ್ಟಬೇಡಿ" ಅಂತ ಕಸಿದುಕೊಂಡಳು. ಆಮೇಲೆ ವಿವರಿಸಿದಳು. ಅವಳ ಅಲ್ಟಿಮೇಟ್ ಡಿಸ್ಕು 175 ಗ್ರಾಂ, ಅಗಲ 27 ಸೆಂಟಿಮೀಟರ್, ಅಂಚು ಗುಂಡಗೆ, ಹಿಡಿಯೋಕಂತಲೇ ಮಾಡಿದ್ದು. ಗಾಲ್ಫ್ ಡಿಸ್ಕುಗಳ ಅಗಲ 21 ಸೆಂಟಿಮೀಟರ್ ಆಸುಪಾಸು, ಗಟ್ಟಿ, ಅಂಚು ಚೂಪು. ಹಿಡಿಯೋಕಲ್ಲ, ಹಾರಿಸೋಕೆ. ಅದರಲ್ಲೂ ಮೂರು ಜಾತಿ: ದೂರಕ್ಕೆ ಡ್ರೈವರ್, ನಡುವಿನದಕ್ಕೆ ಮಿಡ್‌ರೇಂಜ್, ಬುಟ್ಟಿಯ ಹತ್ತಿರಕ್ಕೆ ಪಟ್ಟರ್.

ಸಾಮಾನ್ಯವಾಗಿ ಡಿಸ್ಕಿನ ಮೇಲೆ ನಾಲ್ಕು ಅಂಕಿ ಇರುತ್ತೆ, ಜಾತಕದ ಥರ. ಮೊದಲನೇದು ವೇಗ, ಎರಡನೇದು ಎಷ್ಟು ಹೊತ್ತು ತೇಲುತ್ತೆ ಅನ್ನೋದು, ಮೂರನೇದು ವೇಗವಾಗಿರುವಾಗ ಎಷ್ಟು ಬಲಕ್ಕೆ ವಾಲುತ್ತೆ, ನಾಲ್ಕನೇದು ವೇಗ ಇಳಿದ ಮೇಲೆ ಎಷ್ಟು ಎಡಕ್ಕೆ ಬೀಳುತ್ತೆ. ಬಲಗೈಯವರು ಎದೆಗೆ ಅಡ್ಡ ತಂದು ಬ್ಯಾಕ್‌ಹ್ಯಾಂಡ್ ಎಸೆದರೆ ಹೀಗೆ. ಎಡಗೈಯವರಿಗೆ ಎಲ್ಲ ಉಲ್ಟಾ. ನನ್ನ ಪಟ್ಟರ್ ಮೇಲೆ 2, 3, 0, 1 ಅಂತಿದೆ. ಅಂದರೆ ನಿಧಾನದ್ದು, ನೇರ ಹೋಗುತ್ತೆ, ಕೊನೆಯಲ್ಲಿ ಚೂರು ಎಡಕ್ಕೆ ಜರುಗುತ್ತೆ. ಆ ಡ್ರೈವರ್ ಮೇಲೆ 12, 5, -1, 3 ಇತ್ತು. ಮೂರನೇ ಅಂಕಿಗೆ ಮೈನಸ್ ಇದ್ದರೆ ಬಲಕ್ಕೆ ವಾಲುತ್ತೆ ಅಂತ ಅರ್ಥ. 12ರ ವೇಗದ ಡಿಸ್ಕು ಆ ಅಂಕಿಗೆ ತಕ್ಕ ಹಾಗೆ ಹಾರಬೇಕಾದರೆ ಕೈಗೂ ಅಷ್ಟು ವೇಗ ಬೇಕು. ಹೊಸಬರು ಎಸೆದರೆ ಎದ್ದ ಕೂಡಲೇ ಎಡಕ್ಕೆ ಮಗುಚಿ ಪೊದೆ ಸೇರುತ್ತೆ. ಅದೇ ಹೊಸಬರು ಪಟ್ಟರ್ ಎಸೆದರೆ ನೇರ ಹೋಗುತ್ತೆ, ಎಷ್ಟೋ ಸಲ ಡ್ರೈವರಿಗಿಂತ ದೂರವೇ. ಅಂಗಡಿಯವರು ಏನೇ ಹೇಳಲಿ, ಮೊದಲು ಒಂದು ಪಟ್ಟರ್ ತಗೊಳ್ಳಿ. ನಮ್ಮ ಪಾರ್ಕಿನಲ್ಲಂತೂ ಡ್ರೈವರಿಗೆ ಪ್ರವೇಶವೇ ಇಲ್ಲ. ಇದು ನನ್ನ ಕಾನೂನು. ಆ ಚೂಪು ಅಂಚು ಯಾರದಾದರೂ ಕಿವಿಗೆ ತಾಗಿದರೆ ಆಟ ಅವತ್ತೇ ಮುಗೀತು.

ಹೆಣ್ಣುಮಕ್ಕಳಿಗೆ ಚಕ್ರ ಎಸೆತ ಕಲಿಸಿ ಕಲಿಸಿ ನನ್ನ ಮೈಗೆ ಒಂದು ಅಭ್ಯಾಸ ಕೂತಿದೆ. ಅದು ಇಲ್ಲಿ ಅರ್ಧ ಉಪಯೋಗಕ್ಕೆ ಬರುತ್ತೆ, ಅರ್ಧ ಕೈ ಕೊಡುತ್ತೆ. ಬಲಗೈ ಹುಡುಗಿ ಒಂದು ಕೆಜಿ ಚಕ್ರ ಎಸೆಯುವಾಗ ಮೈ ಎಡಕ್ಕೆ ಸುತ್ತುತ್ತೆ, ಚಕ್ರ ತೋರುಬೆರಳಿನಿಂದ ಜಾರಿ ಹೋಗುತ್ತೆ. ಇಲ್ಲಿ ಬ್ಯಾಕ್‌ಹ್ಯಾಂಡಿಗೆ ಮೈ ಬಲಕ್ಕೆ ಸುತ್ತಬೇಕು. ಆದರೂ ಎರಡೂ ಕಡೆ ತಟ್ಟೆ ತಿರುಗೋದು ಗಡಿಯಾರದ ಮುಳ್ಳಿನ ದಿಕ್ಕಿಗೇ. ಕಾಲು ನೆಟ್ಟು, ಸೊಂಟ ಮೊದಲು, ಭುಜ ಆಮೇಲೆ, ಕೈ ಕೊನೆಗೆ ಅನ್ನೋ ಕ್ರಮವೂ ಎರಡಕ್ಕೂ ಒಂದೇ. ಪಾರ್ಕಿಗೆ ಬರೋ ಸಾಫ್ಟ್‌ವೇರ್ ಹುಡುಗರು ಬರೀ ಮೊಣಕೈ ಬಲದಿಂದ ಎಸೀತಾರೆ. ಕುರ್ಚಿ ಮೇಲೆ ಕೂತು ಕೂತು ಸೊಂಟ ಅನ್ನೋದು ಒಂದಿದೆ ಅನ್ನೋದೇ ಮರೆತುಹೋಗಿದೆ ಅವಕ್ಕೆ. "ಸೊಂಟ ತಿರುಗಿಸೋ" ಅಂತ ನಾನು ಕೂಗಿದರೆ ಯೋಗದವರೂ ತಿರುಗಿಸ್ತಾರೆ.

ಈಗ ಕೋರ್ಸಿನ ವಿಷಯ. ಮೂರೇ ಬುಟ್ಟಿ, ಒಂದೊಂದಕ್ಕೂ ಎರಡು ಕಡೆಯಿಂದ ಎಸೆಯೋದು, ಹಾಗಾಗಿ ಆರು ಹೋಲು. ಎಲ್ಲವೂ ಪಾರ್ 3, ಅಂದರೆ ಮೂರು ಎಸೆತಕ್ಕೆ ಮುಗಿಸಬೇಕು ಅನ್ನೋ ಲೆಕ್ಕ. ಅತಿ ಚಿಕ್ಕದು ಇಪ್ಪತ್ತೈದು ಹೆಜ್ಜೆ, ಅತಿ ದೊಡ್ಡದು ನಲವತ್ತೈದು ಮೀಟರ್ ಇರಬಹುದು. ಚೆನ್ನಾಗಿ ಆಡೋರು ನಗ್ತಾರೆ, ಇಷ್ಟು ಚಿಕ್ಕದಾ ಅಂತ. ನಗಲಿ. ಹೊಸಬರಿಗೆ ನೂರು ಮೀಟರಿನ ಹೋಲ್ ಕೊಟ್ಟರೆ ಏಳು ಎಸೆತ, ಎಂಟು ಎಸೆತ, ಆಮೇಲೆ ಮೊಬೈಲ್ ತೆಗೆದು ನೋಡ್ತಾ ನಿಲ್ತಾರೆ. ಚಿಕ್ಕದಿದ್ದರೆ ಮೂರರಲ್ಲಿ ಮುಗಿಸಿದೆ ಅನ್ನೋ ಖುಷಿಗೆ ಮುಂದಿನ ವಾರ ಅಕ್ಕನನ್ನೂ ಕರ್ಕೊಂಡು ಬರ್ತಾರೆ. ಬೆಂಗಳೂರಿನ ಪಾರ್ಕಿಗೆ ಇದಕ್ಕಿಂತ ಉದ್ದದ್ದು ಬೇಡವೂ ಬೇಡ. ಕಣ್ಣಿಗೆ ಪೂರ್ತಿ ಕಾಣೋಷ್ಟು ದೂರಕ್ಕೆ ಮಾತ್ರ ಎಸೀಬೇಕು, ಯಾಕಂದರೆ ಕಾಣದ ಕಡೆಯಲ್ಲಿ ಖಂಡಿತ ಯಾರೋ ಇರ್ತಾರೆ.

ಜಾಗ ಗೊತ್ತು ಮಾಡೋಕೆ ನಾನೂ ತಂಗಿ ಮಗಳೂ ಜಗಳವಾಡಿದ್ದು ಆಡಿದ್ದಕ್ಕಿಂತ ಹೆಚ್ಚು. ಅವಳಿಗೆ ಅಂದದ ಹೋಲ್ ಬೇಕು, ಎರಡು ಮಳೆಮರದ ನಡುವಿನಿಂದ, ಗುಲ್‌ಮೊಹರ್ ಕೊಂಬೆಯ ಕೆಳಗಿನಿಂದ. ನನಗೆ ವಾಕಿಂಗ್ ದಾರಿ ಯಾವಾಗಲೂ ಎಸೆಯೋರ ಬೆನ್ನ ಹಿಂದೆ ಇರಬೇಕು. ದಾರಿಯ ಮೇಲಿಂದ ಡಿಸ್ಕು ಹಾರೋ ಹಾಗೇ ಇಲ್ಲ. ಬುಟ್ಟಿಯ ಹಿಂದೆ ಹತ್ತು ಮೀಟರ್ ಬರೀ ಹುಲ್ಲು ಇರಬೇಕು, ಗುರಿ ತಪ್ಪಿದ್ದು ಅಲ್ಲೇ ಬೀಳಲಿ. ಎಡಗಡೆಗೆ ಕಾಂಪೌಂಡೋ ಬೇಲಿಗಿಡವೋ ಇರಬೇಕು, ಹತ್ತರಲ್ಲಿ ಒಂಬತ್ತು ಎಸೆತ ಕೊನೆಗೆ ಎಡಕ್ಕೇ ಬೀಳೋದು. ಇನ್ನು ಹೊಸಬರ ಕೈ ಡಿಸ್ಕನ್ನು ತಡವಾಗಿ ಬಿಟ್ಟರೆ ಅದು ಬಲಕ್ಕೆ ಕಿತ್ತುಕೊಂಡು ಹೋಗುತ್ತೆ. ಹಾಗಾಗಿ ನೋಡೋಕೆ ನಿಂತವರು, ಅವರಮ್ಮ, ಅವರಪ್ಪ, ಸ್ಟ್ರಾಲರಿನ ಮಗು, ಎಲ್ಲರೂ ಎಸೆಯೋರ ಹಿಂದೆ. ಪಕ್ಕದಲ್ಲಿ ಅಲ್ಲ, ಹಿಂದೆ.

ಮೊದಲನೇ ಹೋಲು, ಮೂರನೇದು ಸಾದಾ, ಹೇಳೋಕೇನಿಲ್ಲ. ಎರಡನೇದು ಅವಳ ಮಳೆಮರಗಳ ನಡುವಿನದು. ಒಪ್ಪಿಕೊಳ್ತೀನಿ, ಚಂದ ಇದೆ. ಎರಡು ಬೊಡ್ಡೆಗಳ ನಡುವೆ ಒಂದು ಆಟೋ ನುಗ್ಗೋಷ್ಟು ಜಾಗ, ಅದರಾಚೆ ಬುಟ್ಟಿ. ಗುರಿಯಿಟ್ಟು ನೇರ ಎಸೆದರೆ ಕೊನೆಗೆ ಎಡಕ್ಕೆ ಜರುಗಿ ಬೇಲಿ ಸೇರುತ್ತೆ. ಬಲಗಡೆಯ ಮರದ ತೊಗಟೆ ಸವರೋ ಹಾಗೆ ಎಸೆದರೆ ತಾನಾಗೇ ಬುಟ್ಟಿಯ ಹತ್ತಿರ ಬಂದು ಕೂರುತ್ತೆ. ಇದು ಗೊತ್ತಾದ ದಿನ ಎಲ್ಲರಿಗೂ ಒಂದು ಬಗೆಯ ಹುಚ್ಚು ಹಿಡಿಯುತ್ತೆ. ಬಾಗಿ ಬರೋ ದಾರಿಯನ್ನ ಮೊದಲೇ ಲೆಕ್ಕ ಹಾಕಿ ಎಸೆಯೋದು, ಅದು ಹೇಳಿದ ಮಾತು ಕೇಳೋದು. ಮರವನ್ನೇ ಗುರಿಯಾಗಿಟ್ಟುಕೊಂಡು ಆಡೋದು ಬೇಡ ಅಂತ ಮಾಲಿ ಕಟ್ಟುನಿಟ್ಟಾಗಿ ಹೇಳಿದ್ದಾರೆ, ಅದು ಸರಿ. ಬುಟ್ಟಿ ಹುಟ್ಟೋಕೆ ಮುಂಚೆ ಅಮೆರಿಕದಲ್ಲಿ ಜನ ಹಾಗೇ ಆಡ್ತಿದ್ದರಂತೆ, ಮರ, ದೀಪದ ಕಂಬ, ಕಸದ ಡಬ್ಬ, ಯಾವುದು ಸಿಕ್ಕರೆ ಅದು.

ಆ ಬುಟ್ಟಿಗೆ ಸರಪಳಿ ತೂಗಿಸಿದ ಪುಣ್ಯಾತ್ಮನ ಹೆಸರು ಎಡ್ ಹೆಡ್ರಿಕ್. ಫ್ರಿಸ್ಬಿ ಮಾಡ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದವರು, ತಟ್ಟೆ ಅಲುಗಾಡದೆ ನೆಟ್ಟಗೆ ಹಾರೋ ಹಾಗೆ ಅದರ ಬೆನ್ನಿನ ಮೇಲೆ ಗೆರೆಗಳನ್ನು ತಂದವರೂ ಅವರೇ, 1967ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಪಕ್ಕಾ ಕೋರ್ಸು ಹಾಕಿದರು. ಅದೂ ಪಾರ್ಕೇ ನೋಡಿ, ಸಾರ್ವಜನಿಕರದ್ದು. ಮಾರನೇ ವರ್ಷ ಆಟಗಾರರ ಸಂಘ ಪಿ.ಡಿ.ಜಿ.ಎ. ಕಟ್ಟಿದರು. 2002ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಚಿತಾಭಸ್ಮವನ್ನ ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕು ಅಚ್ಚು ಹಾಕಿದರು. ಇದನ್ನ ನಮ್ಮ ಹುಡುಗಿ ಮೂರನೇ ಹೋಲಿನಲ್ಲಿ ನಿಂತು ಹೇಳಿದಾಗ ಅಲ್ಲಿದ್ದ ಒಬ್ಬ ಅಜ್ಜಿ, "ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಬಿಡೋ ಬದಲು ಗಾಳೀಗೆ ಬಿಟ್ರಾ?" ಅಂದರು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಬುಟ್ಟೀಗೆ ಬಿತ್ತಾ?" ಅಂತಲೂ ಕೇಳಿದರು.

ಸರಪಳಿಯ ಸದ್ದು ಈ ಆಟದ ಅರ್ಧ ಆಕರ್ಷಣೆ. ಝಣಕ್ ಅಂದರೆ ಸಾಕು, ವಾಕಿಂಗ್ ಮಾಡ್ತಿದ್ದವರ ಕಾಲು ನಿಲ್ಲುತ್ತೆ. ಹಾಗೆ ನಿಂತವರಲ್ಲಿ ಒಬ್ಬರು ಬಿಳಿ ಟೋಪಿಯ ರಿಟೈರ್ಡ್ ಎಂಜಿನಿಯರ್. ನಿಂತದ್ದು ಮೆಚ್ಚಿ ಅಲ್ಲ.

"ಮೇಡಂ, ಬೋರ್ಡ್ ಓದಿದ್ದೀರಾ?"

"ಓದಿದ್ದೀನಿ ಸಾರ್. ಇದರ ಹೆಸರು ಅದರಲ್ಲಿಲ್ಲ."

"ಯಾರಿಗಾದ್ರೂ ತಗುಲಿದ್ರೆ?"

"ಅದಕ್ಕೇ ನೀವು ದಾಟಲಿ ಅಂತ ಈ ಹುಡುಗ ಕೈಯಲ್ಲೇ ಹಿಡ್ಕೊಂಡು ನಿಂತಿದ್ದ. ನೀವಿಲ್ಲೇ ನಿಂತ್ಕೊಂಡ್ರಿ, ಅವನೂ ನಿಂತೇ ಇದ್ದಾನೆ."

ಅವರು ತಿರುಗಿ ಆ ಹುಡುಗನನ್ನ ನೋಡಿದರು. ಡಿಸ್ಕನ್ನ ಎದೆಗೆ ಒತ್ತಿಕೊಂಡು, ರಾಷ್ಟ್ರಗೀತೆಗೆ ನಿಂತವನ ಹಾಗೆ ನಿಂತಿದ್ದ. ಏನೂ ಹೇಳದೆ ಹೋದರು. ಮುಂದಿನ ಭಾನುವಾರ ಒಂದು ರೌಂಡ್ ಮುಗಿಸಿ ಬಂದು, "ಒಂದು ಎಸೀಲಾ?" ಅಂದರು. ಎಡಕ್ಕೆ ಮಗುಚಿ ಬಿತ್ತು. ಅವರ ವಿವರಣೆ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಎತ್ತೋ ಬಲ ಕಡಿಮೆ, ಅದಕ್ಕೇ ಬೇಗ ಎಡಕ್ಕೆ ಬೀಳುತ್ತೆ. ವಿಜ್ಞಾನ ಸರಿಯೇ ಇದೆ ಅಂತ ತಂಗಿ ಮಗಳೂ ಅಂದಳು. ಆದರೆ ಮೂವತ್ತು ಮೀಟರಿನ ಎಸೆತಕ್ಕೆ ಅದೆಲ್ಲ ಲೆಕ್ಕಕ್ಕೆ ಬರಲ್ಲ ಸ್ವಾಮಿ. ಡಿಸ್ಕಿನ ಆಚೆ ಅಂಚು ಕೆಳಗೆ ವಾಲಿತ್ತು, ಅಷ್ಟೇ. ಈಗ ಅವರೇ ನಮ್ಮ ಸ್ಕೋರು ಬರೆಯೋರು. ಎಕ್ಸೆಲ್ ಶೀಟ್ ಮಾಡಿದ್ದಾರೆ, ಸರಾಸರಿ ಎಲ್ಲ ತೆಗೀತಾರೆ, ನಮಗೆ ಬೇಡದಿದ್ದರೂ ವಾಟ್ಸ್ಯಾಪಿಗೆ ಹಾಕ್ತಾರೆ.

ಆಷಾಢದ ಗಾಳಿಯ ವಿಷಯ ಮಾತ್ರ ನಾನೂ ಗಂಭೀರವಾಗಿ ತಗೋತೀನಿ. ಜೂನ್, ಜುಲೈನಲ್ಲಿ ಪಡುವಣದಿಂದ ಬೀಸೋ ಆ ಗಾಳಿ ಗೊತ್ತಲ್ಲ, ಒಗೆದು ಹಾಕಿದ ಬಟ್ಟೆ ಪಕ್ಕದ ಮನೆ ಸೇರೋ ಗಾಳಿ. ಎದುರುಗಾಳಿಗೆ ಎಸೆದರೆ ಡಿಸ್ಕು ತನ್ನ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿದ್ದ ಹಾಗೆ ವರ್ತಿಸುತ್ತೆ, ಬಲಕ್ಕೆ ವಾಲುತ್ತೆ, ಮೇಲೆ ಎದ್ದುಬಿಡುತ್ತೆ. ಬೆನ್ನಗಾಳಿಯಾದರೆ ತಟಕ್ಕನೆ ಕೆಳಗೆ ಕೂರುತ್ತೆ. ಚಕ್ರ ಎಸೆತದಲ್ಲೂ ಎದುರುಗಾಳಿ ಎಂದರೆ ನನ್ನ ಹುಡುಗಿಯರಿಗೆ ಹಬ್ಬ, ದೂರ ಜಾಸ್ತಿ ಬರುತ್ತೆ. ಇಲ್ಲಿ ದೂರ ಯಾರಿಗೆ ಬೇಕು? ಐದನೇ ಹೋಲು ಪಡುವಣಕ್ಕೆ ಮುಖ ಮಾಡಿದೆ. ಆಷಾಢದಲ್ಲಿ ಅಲ್ಲಿ ಎತ್ತರಕ್ಕೆ ಎಸೆದವರ ಡಿಸ್ಕು ಕಾಂಪೌಂಡ್ ದಾಟಿ ಪಕ್ಕದ ರಸ್ತೆಯ ಹೂವಿನ ಗಾಡಿ ಹತ್ತಿರ ಹೋಗೋದು ಗ್ಯಾರಂಟಿ. ಹಾಗಾಗಿ ಆ ಎರಡು ತಿಂಗಳು ಐದನೇದನ್ನ ಬುಟ್ಟಿಯಿಂದ ಹತ್ತು ಮೀಟರಿನೊಳಗೆ ನಿಂತು ಪಟ್ ಮಾಡೋ ಹೋಲಾಗಿ ಬದಲಾಯಿಸಿದ್ದೀವಿ.

ಆ ಹತ್ತು ಮೀಟರಿಗೆ ಬೇರೆಯೇ ಕಾನೂನಿದೆ. ಅದರೊಳಗಿನಿಂದ ಎಸೆದಾಗ ಮುಂದಕ್ಕೆ ಮುಗ್ಗರಿಸೋ ಹಾಗಿಲ್ಲ. ಡಿಸ್ಕು ಬಿಟ್ಟ ಮೇಲೂ ಗುರುತಿನ ಹಿಂದೆ ಮೈ ಹಿಡಿತದಲ್ಲಿದೆ ಅಂತ ತೋರಿಸಿ, ಆಮೇಲೆ ಹೆಜ್ಜೆ ಮುಂದಿಡಬೇಕು. ದೊಡ್ಡವರು ಇದರಲ್ಲೇ ಒದ್ದಾಡೋದು. ಸಲೀಸಾಗಿ ಮಾಡೋಳು ಮಾಲಿಯ ಮಗಳು, ಆರನೇ ಕ್ಲಾಸು. ಬಿಲ್ಲೆ ಎಸೆದು, ಒಂಟಿಕಾಲಲ್ಲಿ ನಿಂತು, ಗೆರೆ ತುಳಿಯದೆ ಕುಂಟೆಬಿಲ್ಲೆ ಆಡಿದ ಕಾಲು ಅದು, ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯಿಂದ ಬಂದು ಸಂಜೆ ಒಬ್ಬಳೇ ಅಭ್ಯಾಸ ಮಾಡ್ತಾಳೆ. ಒಂದು ಬುಟ್ಟಿಯನ್ನ ಪಂಪ್‌ಹೌಸಿನಲ್ಲೇ ಇಟ್ಟಿರ್ತೀವಿ. ಎಂಜಿನಿಯರ್ ಸಾಹೇಬರ ಶೀಟಿನಲ್ಲಿ ಪಟ್ಟಿಂಗಿನ ಕಾಲಮ್ಮಿನಲ್ಲಿ ಅವಳದ್ದೇ ಮೊದಲ ಹೆಸರು, ಅವರದ್ದು ಕೊನೆಯಿಂದ ಎರಡನೇದು. ಕಾಲಮ್ಮನ್ನ ಡಿಲೀಟ್ ಮಾಡ್ತೀನಿ ಅಂತ ಒಂದು ವಾರ ಹೆದರಿಸಿದರು.

ಗದ್ದಲದ ಪಾರ್ಕಿನಲ್ಲಿ ಆಡೋದು ಹೇಗೆ ಅಂತ ಕೇಳೋರಿಗೆ ನನ್ನ ಉತ್ತರ: ಕಾಯೋಕೆ ಗೊತ್ತಿರಬೇಕು. ಚಿಕ್ಕ ಮಗು ಹುಲ್ಲಿನ ಮೇಲೆ ಕಾಲಿಟ್ಟರೆ ಆಟ ಬಂದ್. ಮಗು ಯಾವ ಕಡೆ ಓಡುತ್ತೆ ಅಂತ ಅದಕ್ಕೇ ಗೊತ್ತಿರಲ್ಲ. ಫೋನಿನಲ್ಲಿ ಮಾತಾಡ್ತಾ ನಡೆಯೋರೂ ಅದೇ ಲೆಕ್ಕ. ನಗೆಕೂಟದವರು ಒಂದು ಸಲ ಎರಡನೇ ಹೋಲಿನ ನಡುವೆಯೇ ವೃತ್ತ ಮಾಡಿ ನಿಂತರು, ನಾವು ಅವರ ಜೊತೆ ಸೇರಿ ಹತ್ತು ನಿಮಿಷ ನಕ್ಕು ಬಂದೆವು. ಡಿಸ್ಕು ದಾರಿ ತಪ್ಪಿದರೆ ಕೂಗಬೇಕು. ಅಮೆರಿಕದವರು ಗಾಲ್ಫಿನ ಹಾಗೆ "ಫೋರ್" ಅಂತ ಕೂಗ್ತಾರಂತೆ. ನಮ್ಮ ಪಾರ್ಕಿನಲ್ಲಿ "ಸೈಡ್, ಸೈಡ್!" ಅಂದರೇ ಜನ ಜರುಗೋದು. ನನ್ನ ಹಳೇ ವಿಸಿಲ್ ಇದೆ, ಊದೋಕೆ ತಂಗಿ ಮಗಳು ಬಿಡಲ್ಲ. "ದೊಡ್ಡಮ್ಮ, ನೀವು ಊದಿದ್ರೆ ಇಡೀ ಪಾರ್ಕು ಸಾಲಾಗಿ ನಿಂತ್ಕೊಳ್ಳುತ್ತೆ" ಅಂತಾಳೆ.

ನಾಯಿಗಳಿಗೆ ಬೋರ್ಡ್ ಓದೋಕೆ ಬರಲ್ಲ. ಪಾರ್ಕಿನ ಕಂದು ನಾಯಿಯೊಂದಕ್ಕೆ ನೆಲದ ಮೇಲೆ ಬಿದ್ದ ಡಿಸ್ಕು ಕಂಡರೆ ಪ್ರೀತಿ. ನಿಂತ ಡಿಸ್ಕನ್ನ ಯಾರಾದರೂ ಕದಲಿಸಿದರೆ ಮೊದಲಿದ್ದ ಜಾಗದಿಂದಲೇ ಆಟ. ಹಾಗಾಗಿ ಸ್ಕೋರಿಗೆ ನಷ್ಟ ಇಲ್ಲ, ಹಲ್ಲಿನ ಗುರುತು ಮಾತ್ರ ಉಳಿಯುತ್ತೆ. ನನ್ನ 2, 3, 0, 1ರಲ್ಲಿ 3 ಈಗ ಸರಿಯಾಗಿ ಕಾಣಲ್ಲ.

ಬರೋರು ಬನ್ನಿ. ಡಿಸ್ಕು ನಾವೇ ಕೊಡ್ತೀವಿ, ದುಡ್ಡಿಲ್ಲ. ಹುಲ್ಲು ಒದ್ದೆ ಇರುತ್ತೆ, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಆಟ ಒಂದು ಗಂಟೆ, ಎಂಟಕ್ಕೆಲ್ಲ ಮುಗಿಸಿ ದರ್ಶಿನಿಯಲ್ಲಿ ಖಾರಾಬಾತ್, ಬೈ ಟೂ ಕಾಫಿ. ಬಿಲ್ಲು ಅವತ್ತು ಅತಿ ಹೆಚ್ಚು ಎಸೆತ ಆದೋರದ್ದು. ಸದ್ಯಕ್ಕೆ ಒಂದು ತಕರಾರು ಬಾಕಿ ಇದೆ. ನಾಲ್ಕನೇ ಹೋಲಿನ ದಾರಿಯಲ್ಲಿ ಮಾಲಿ ಹೊಸದಾಗಿ ಸಂಪಿಗೆ ಸಸಿ ನೆಟ್ಟಿದ್ದಾರೆ, ಬುಟ್ಟಿಯನ್ನ ನೇರಳೆ ಮರದ ಕಡೆ ಸರಿಸಿ ಅಂತಾರೆ. ಸರಿಸಿದರೆ ಬೆಂಚಿಗೆ ತೀರಾ ಹತ್ತಿರವಾಗುತ್ತೆ ಅಂತ ನಾನು. ಬೆಂಚಿಗೂ ಬುಟ್ಟಿಗೂ ಹತ್ತು ಮೀಟರ್ ಇದೆ ಅಂತ ತಂಗಿ ಮಗಳು, ಏಳೂ ಇಲ್ಲ ಅಂತ ನಾನು. ಎಂಜಿನಿಯರ್ ಸಾಹೇಬರು ಭಾನುವಾರ ಟೇಪು ತರ್ತೀನಿ ಅಂದಿದ್ದಾರೆ.